ಶುಗರ್ ಇರುವ ನಾಯಿ: ಯಾವುದಕ್ಕೆ ರಾತ್ರಿನೇ ಓಡಬೇಕು, ಯಾವುದಕ್ಕೆ ಬೆಳಗ್ಗೆವರೆಗೆ ಕಾಯಬಹುದು?

ಬೆಳ್ಳಿ_ಮನೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳ್ಳಿಗೆ 8 ವರ್ಷ. ತಾಯಿ ಪಾಮೇರಿಯನ್, ತಂದೆ ಯಾವುದೋ ಊರನಾಯಿ. 12 ಕೆಜಿ ತೂಕ. ಮಕ್ಕಳಾಗದ ಆಪರೇಷನ್ ಮಾಡಿಸಿಲ್ಲ. ದೀಪಾವಳಿ ಹೊತ್ತಿಗೆ ಹೀಟಿಗೆ ಬಂದಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ನೀರು ಕುಡಿಯುವುದು ವಿಪರೀತವಾಯಿತು. ತನ್ನ ಬಟ್ಟಲು ಖಾಲಿ ಮಾಡಿ ಬಚ್ಚಲುಮನೆ ಬಕೆಟ್ಟಿಗೇ ಬಾಯಿ ಹಾಕುತ್ತಿದ್ದಳು. ಹೊಟ್ಟೆ ತುಂಬಾ ತಿಂದರೂ ಸಣ್ಣಗಾಗುತ್ತಾ ಹೋದಳು. ಅಂಗಳದಲ್ಲಿ ಅವಳು ಉಚ್ಚೆ ಹೊಯ್ದ ಕಡೆಯೆಲ್ಲ ಇರುವೆ ಮುತ್ತಿದ್ದನ್ನು ನೋಡಿ ನಮ್ಮ ಅತ್ತೆಯೇ ಮೊದಲು ಹೇಳಿದ್ದು, "ಇದಕ್ಕೂ ನಿಮ್ಮ ಮಾವನ ಕಾಯಿಲೆನೇ ಬಂದಿದೆ ಕಣೇ" ಅಂತ.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು. ಶುಗರ್ 430 ಇತ್ತು. ಬೆಳಗ್ಗೆ 7ಕ್ಕೆ, ಸಂಜೆ 7ಕ್ಕೆ ಊಟ ಆದ ಮೇಲೆ 5 ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು. ಬೇಗ ಸುಧಾರಿಸಿದಳು. ನೀರು ಕುಡಿಯುವುದು ಕಡಿಮೆಯಾಯಿತು, ಮೈ ತುಂಬಿಕೊಂಡಿತು.

ನಿನ್ನೆ ರಾತ್ರಿ ಊಟ ಅರ್ಧಕ್ಕೇ ಬಿಟ್ಟಳು. ಇಂಜೆಕ್ಷನ್ ಎಂದಿನಂತೆ ಕೊಟ್ಟೆವು. 11 ಗಂಟೆ ಹೊತ್ತಿಗೆ ಹಿಂಗಾಲು ಒಂದಕ್ಕೊಂದು ತಾಗಿಸಿಕೊಂಡು ಕುಡಿದವರ ಹಾಗೆ ತೂರಾಡಿದಳು. ಬಾಗಿಲಿಗೆ ಡಿಕ್ಕಿ ಹೊಡೆದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಸುಮ್ನೆ ನಿಂತುಬಿಟ್ಟಳು. ಕರೆದರೆ ತಿರುಗಿ ನೋಡಲಿಲ್ಲ. ಅತ್ತೆ ಹಾಲಿನಲ್ಲಿ ಬಿಸ್ಕೆಟ್ ನೆನೆಸಿ ಕೊಟ್ಟರು, ಅದನ್ನು ತಿಂದಳು. ಸ್ವಲ್ಪ ಹೊತ್ತಿಗೆ ಸರಿಹೋದಳು. ಮಾವನ ಶುಗರ್ ಮಷೀನಿನಲ್ಲಿ ಕಿವಿಯಿಂದ ರಕ್ತ ತೆಗೆದು ನೋಡಿದಾಗ, ಬಿಸ್ಕೆಟ್ ತಿಂದ ಮೇಲೂ 71 ತೋರಿಸಿತು.

ಇವತ್ತು ಬೆಳಗ್ಗೆ ಊಟ ಮುಟ್ಟಿಲ್ಲ. ಒಂದು ಸಲ ಹಳದಿ ವಾಂತಿ ಮಾಡಿದಳು. ಹೆದರಿಕೆಯಾಗಿ ಇಂಜೆಕ್ಷನ್ ಕೊಟ್ಟಿಲ್ಲ. ನಮ್ಮಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಯಜಮಾನರು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾರೆ. ಭಾನುವಾರ ಬೇರೆ. ಗಾಡಿ ಮಾಡಿಕೊಂಡು ಹೋಗಬೇಕಾದದ್ದು ಯಾವಾಗ, ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಯಾವಾಗ? ಅನುಭವ ಇರುವವರು ಹೇಳಿ.

ರಿಟೈರ್ಡ್_ಸಿಸ್ಟರ್ (ಮೈಸೂರು)

ಮೊದಲು ಇವತ್ತಿನ ಮಾತು ಹೇಳಿಬಿಡ್ತೀನಿ. ಹೊರಡಮ್ಮ. ಶುಗರ್ ಇರುವ ನಾಯಿ ಊಟ ಬಿಟ್ಟು ವಾಂತಿ ಮಾಡಿದರೆ ಅವತ್ತೇ ತೋರಿಸಬೇಕು. ಬೇರೆ ನಾಯಿ ಒಂದು ಸಲ ವಾಂತಿ ಮಾಡಿದರೆ ಹುಲ್ಲು ತಿಂದಿತ್ತೇನೋ ಅಂತ ಬಿಡಬಹುದು. ಇದಕ್ಕೆ ಆ ರಿಯಾಯಿತಿ ಇಲ್ಲ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ಭಾನುವಾರ ಡ್ಯೂಟಿಯಲ್ಲಿ ಯಾರಿದ್ದಾರೆ ಅಂತ ಕೇಳಿಕೊಳ್ಳಿ. ಇನ್ಸುಲಿನ್ ಬಾಟಲಿ, ಸಿರಿಂಜು, ನಿನ್ನೆಯ ಟೈಮಿಂಗ್ ಬರೆದ ಚೀಟಿ ಎಲ್ಲ ಜೊತೆಗೆ ಇರಲಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಮ್ಮ ಕಾಳ, ಡ್ಯಾಶ್‌ಹೌಂಡ್, 8ನೇ ವಯಸ್ಸಿಗೆ ಶುಗರ್ ಬಂದು 12 ದಾಟುವವರೆಗೆ ಇನ್ಸುಲಿನ್ ಮೇಲೆ ಚೆನ್ನಾಗಿಯೇ ಇದ್ದ. ವಾರ್ಡಿನಲ್ಲಿ ಶುಗರ್ ಪೇಷೆಂಟುಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೆ. ಆದರೆ ಅವರು "ಸಿಸ್ಟರ್, ಕೈ ನಡುಗ್ತಿದೆ" ಅಂತ ಹೇಳ್ತಾರೆ. ಕಾಳ ಹೇಳುತ್ತಿರಲಿಲ್ಲ. ಅವನು ನಿಂತ ರೀತಿ, ನೋಡಿದ ರೀತಿಯಲ್ಲೇ ತಿಳಿದುಕೊಳ್ಳಬೇಕಿತ್ತು.

ಭಯಪಡಬೇಕಾದದ್ದು ಎರಡಕ್ಕೆ. ಒಂದು, ಶುಗರ್ ಇಳಿದುಬಿಡುವುದು. ಇನ್ನೊಂದು, ಮೈ ಕೊಬ್ಬು ಕರಗಿದಾಗ ಬರುವ ಕೀಟೋನ್ ಅನ್ನುವ ವಸ್ತು ರಕ್ತದಲ್ಲಿ ಸೇರುವುದು. ಇಳಿಯುವುದು ನಿಮಿಷಗಳ ಲೆಕ್ಕ, ಕೀಟೋನ್ ಗಂಟೆಗಳ ಲೆಕ್ಕ. ಬರೀ ನಂಬರ್ ಜಾಸ್ತಿ ಬಂತು ಅನ್ನುವುದು ಇವೆರಡರಲ್ಲಿ ಯಾವುದೂ ಅಲ್ಲ. ಮಷೀನಿನಲ್ಲಿ 350 ನೋಡಿ ಮಧ್ಯರಾತ್ರಿ ಡಾಕ್ಟರನ್ನು ಎಬ್ಬಿಸುವವರಿದ್ದಾರೆ. ನಾಯಿ ಉಂಡು, ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದರೆ 350ಕ್ಕೆ ಬೆಳಗ್ಗೆ ಫೋನ್ ಮಾಡಿದರೆ ಸಾಕು. ಅದೇ 55 ಬಂದರೆ, ನಾಯಿ ನೋಡಲು ಸರಿಯಾಗಿದ್ದರೂ, ಆ ಕ್ಷಣವೇ ತಿನ್ನಿಸಬೇಕು. ಜನ ಇದನ್ನು ಉಲ್ಟಾ ಮಾಡ್ತಾರೆ. ಜಾಸ್ತಿ ಬಂದರೆ ಹೆದರುತ್ತಾರೆ, ಕಡಿಮೆ ಬಂದರೆ "ಪರವಾಗಿಲ್ಲ, ಕಂಟ್ರೋಲಿಗೆ ಬಂತು" ಅಂತ ಖುಷಿಪಡುತ್ತಾರೆ.

ನೀವು ಬರೆದಿರುವ ನಿನ್ನೆ ರಾತ್ರಿಯದು ಶುಗರ್ ಇಳಿದದ್ದೇ ಇರಬೇಕು. ಅರ್ಧ ಊಟ, ಪೂರ್ತಿ ಇನ್ಸುಲಿನ್, ಮೂರು ನಾಲ್ಕು ಗಂಟೆ ಆದಮೇಲೆ ತೂರಾಟ. ತಿಂದ ತಕ್ಷಣ ಸುಧಾರಿಸಿದ್ದು ಕೂಡ ಅದಕ್ಕೇ ಸರಿಹೊಂದುತ್ತದೆ. ನಿಮ್ಮ ಅತ್ತೆ ಮಾಡಿದ್ದು ಸರಿ. ಆದರೆ ಎಲ್ಲ ಸಲವೂ ತೂರಾಟದಿಂದಲೇ ಶುರುವಾಗುವುದಿಲ್ಲ. ಕಾಳನಿಗೆ ಮೊದಲು ಚಡಪಡಿಕೆ ಬರುತ್ತಿತ್ತು. ಅಡುಗೆಮನೆಗೂ ನಡುಮನೆಗೂ ಸುತ್ತುತ್ತಿದ್ದ. ವಿನಾಕಾರಣ ಹಸಿವು. ಇನ್ನು ಕೆಲವು ನಾಯಿಗಳು ಮೂಲೆ ಸೇರಿ ಮಲಗಿಬಿಡುತ್ತವೆ, ಎಬ್ಬಿಸಿದರೂ ಏಳುವುದಿಲ್ಲ. ಮುಖದ ಮಾಂಸಖಂಡ ಅದುರುವುದು, ಮೈ ನಡುಗುವುದು, ಆಮೇಲೆ ಫಿಟ್ಸ್. ಫಿಟ್ಸ್ ಆದಮೇಲೆ ಎಚ್ಚರ ತಪ್ಪುವುದು. ಇಷ್ಟಕ್ಕೆ ಕೆಲವೊಮ್ಮೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.

ಎಚ್ಚರ ಇದೆ, ನುಂಗುತ್ತದೆ ಅಂದರೆ ಊಟ ಕೊಡಿ. ಅದಕ್ಕೆ ಇಷ್ಟವಾದದ್ದು ಯಾವುದಾದರೂ ಸರಿ. ತಿನ್ನಲಾರದಷ್ಟು ಸುಸ್ತಾಗಿದ್ದರೆ ಜೇನುತುಪ್ಪ. ಜೇನು ಇಲ್ಲದಿದ್ದರೆ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಗಟ್ಟಿಯಾಗಿ ಕಲಸಿ. ತುಟಿ ಎತ್ತಿ, ಒಸಡಿನ ಹೊರಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಸವರಿ. ಬೆಳ್ಳಿಯಷ್ಟು ತೂಕದ ನಾಯಿಗೆ ಊಟದ ಚಮಚದಲ್ಲಿ ಒಂದು ಚಮಚ. ಗಂಟಲಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಾಗ ಹಲ್ಲಿನ ಮಧ್ಯೆ ಬೆರಳು ಹಾಕಬೇಡಿ. ಅದಕ್ಕೆ ನೀವು ಯಾರು ಅಂತ ಗೊತ್ತಿರುವುದಿಲ್ಲ, ಕಚ್ಚಿದರೆ ಬೆರಳು ಉಳಿಯುವುದಿಲ್ಲ.

ಒಸಡಿಗೆ ಸವರಿದರೆ ಕೆಲವೇ ನಿಮಿಷದಲ್ಲಿ ಕಣ್ಣು ಬಿಟ್ಟು ನೋಡುತ್ತದೆ. ಆಗ ಊಟ ಕೊಡಿ. ಹಾಗಂತ ಮುಗಿಯಿತು ಅಂದುಕೊಂಡು ಮಲಗಬೇಡಿ. ಜೇನಿನ ಪ್ರಭಾವ ಬೇಗ ಇಳಿಯುತ್ತದೆ, ಒಳಗಿರುವ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಮತ್ತೆ ಇಳಿಯಬಹುದು. ಫಿಟ್ಸ್ ಬಂದಿದ್ದರೆ, ಎಚ್ಚರ ತಪ್ಪಿದ್ದರೆ, ಅಥವಾ ಸವರಿದ ಮೇಲೂ ಚೇತರಿಸದಿದ್ದರೆ ಎಷ್ಟು ದೂರವಾದರೂ ಆಸ್ಪತ್ರೆಗೇ ಹೋಗಬೇಕು. ದಾರಿಯಲ್ಲಿ ಸವರುತ್ತಲೇ ಹೋಗಿ.

ಮನೆಯಲ್ಲಿ ಶುಗರ್ ಇರುವ ಹಿರಿಯರು ಇದ್ದಾರೆ ಅಂದಿರಿ. ಹಾಗಾದರೆ ಒಂದು ಮಾತು. ಶುಗರ್ ಫ್ರೀ ಅಂತ ಬರುವ ಯಾವುದನ್ನೂ ನಾಯಿಗೆ ಕೊಡಬೇಡಿ. ಅದರಿಂದ ಶುಗರ್ ಏರುವುದಿಲ್ಲ. ಕೆಲವು ಚೂಯಿಂಗ್ ಗಮ್, ಮಿಂಟ್‌ಗಳಲ್ಲಿ ಇರುವ ಝೈಲಿಟಾಲ್ ಅಂತೂ ನಾಯಿಗೆ ವಿಷ. ಶುಗರನ್ನು ಇನ್ನೂ ಕೆಳಕ್ಕೆ ತಳ್ಳುತ್ತದೆ, ಲಿವರ್ ಕೆಡಿಸುತ್ತದೆ. ಚಾಕೊಲೇಟೂ ಬೇಡ.

ಮತ್ತೆ, ಇಂಜೆಕ್ಷನ್ ಕೊಟ್ಟಿದ್ದೀವೋ ಇಲ್ಲವೋ ಅಂತ ಅನುಮಾನ ಬಂದರೆ ಕೊಡಬೇಡಿ. ಒಂದು ಡೋಸ್ ತಪ್ಪಿದರೆ ಶುಗರ್ ಒಂದು ದಿನ ಏರುತ್ತದೆ, ಅಷ್ಟೇ. ಎರಡು ಸಲ ಹೋದರೆ ಜೀವಕ್ಕೇ ಕುತ್ತು ಬರುತ್ತದೆ. ತಪ್ಪಿದ್ದನ್ನು ಸರಿತೂಗಿಸಲು ಮುಂದಿನ ಸಲ ಜಾಸ್ತಿ ಎಳೆಯುವುದೂ ಬೇಡ. ನಮ್ಮ ಮನೆಯಲ್ಲಿ ಪಂಚಾಂಗದ ಕ್ಯಾಲೆಂಡರಿನಲ್ಲಿ ಕೊಟ್ಟವರು ಕೊಟ್ಟ ತಕ್ಷಣ ಸಹಿ ಹಾಕಬೇಕಿತ್ತು. ನಮ್ಮ ಯಜಮಾನರು "ಇದೇನು ಅಟೆಂಡೆನ್ಸಾ" ಅಂತ ಗೊಣಗುತ್ತಿದ್ದರು. ಗೊಣಗಿಕೊಂಡೇ ಸಹಿ ಹಾಕುತ್ತಿದ್ದರು.

ಇನ್ನು ಕೀಟೋನ್. ಇದು ಇವತ್ತಿನ ಬೆಳ್ಳಿಗೆ ಸಂಬಂಧಪಟ್ಟದ್ದು, ಅದಕ್ಕೇ ಹೊರಡಿ ಅಂದೆ. ಇನ್ಸುಲಿನ್ ಸಾಲದೆ ಹೋದರೆ ರಕ್ತದಲ್ಲಿ ಎಷ್ಟು ಸಕ್ಕರೆ ಇದ್ದರೂ ಮೈಗೆ ಅದು ದಕ್ಕುವುದಿಲ್ಲ. ಮೈ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಅದರಿಂದ ಬರುವ ಕೀಟೋನ್ ಜಾಸ್ತಿಯಾದರೆ ರಕ್ತ ಆಮ್ಲವಾಗುತ್ತದೆ. ಸುಮ್ನೆ ಒಂದು ಡೋಸ್ ತಪ್ಪಿದ್ದಕ್ಕೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಹಿಂದೆ ಇನ್ನೊಂದು ಕಾಯಿಲೆ ಅಡಗಿರುತ್ತದೆ. ಮೂತ್ರದ ಸೋಂಕು, ಹಲ್ಲಿನ ಕೀವು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಊತ, ಇಂಥದ್ದು. ಕಾಳನಿಗೆ ಆದದ್ದು ಹೊಸತೊಡಕಿನ ಮಾರನೇ ದಿನ. ಯುಗಾದಿಗೆ ಬಂದಿದ್ದ ನೆಂಟರ ಮಕ್ಕಳು ಪಾಪ ಅಂತ ಮಟನ್ ಕೊಬ್ಬು ಹಾಕಿದ್ದರು. ಬೆಳಗ್ಗೆ ನೋಡಿದರೆ ಮುಂಗಾಲು ಚಾಚಿ, ಎದೆ ನೆಲಕ್ಕೆ ಒತ್ತಿ, ಹಿಂಭಾಗ ಮೇಲೆತ್ತಿಕೊಂಡು ನಿಂತಿದ್ದ. ಹೊಟ್ಟೆನೋವಿಗೆ ನಾಯಿಗಳು ಹಾಗೆ ನಿಲ್ಲುತ್ತವೆ. ಮಧ್ಯಾಹ್ನಕ್ಕೆ ವಾಂತಿ, ಸಂಜೆಗೆ ನೀರೂ ಬೇಡ. ಶುಗರ್ 500ರ ಮೇಲೆ. ಸುಮ್ಮನೆ ಮಲಗಿದ್ದಾಗಲೂ ದೊಡ್ಡ ದೊಡ್ಡ ಉಸಿರು ಎಳೆಯುತ್ತಿದ್ದ. ಬಿಸಿಲಿಗೆ ನಾಲಿಗೆ ಚಾಚಿ ಏದುಸಿರು ಬಿಡುವುದು ಬೇರೆ, ಇದು ಬೇರೆ. ಬಾಯಿ ಹತ್ತಿರ ಮೂಗು ಇಟ್ಟರೆ ನೇಲ್ ಪಾಲಿಶ್ ಅಳಿಸುವ ದ್ರವದ ವಾಸನೆ. ವಾರ್ಡಿನಲ್ಲಿ ಈ ವಾಸನೆ ಪರಿಚಯ ಇದ್ದದ್ದರಿಂದ ನನಗೆ ತಕ್ಷಣ ಗೊತ್ತಾಯಿತು. ಎಲ್ಲರ ಮೂಗಿಗೂ ಅದು ತಿಳಿಯುವುದಿಲ್ಲ, ನಮ್ಮ ಯಜಮಾನರಿಗೆ ಏನೂ ಬರಲೇ ಇಲ್ಲ. ಹಾಗಾಗಿ ವಾಸನೆ ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ.

ಈ ಸ್ಥಿತಿಗೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಶುಗರ್ 500 ಇದೆ ಅಂತ ನೀವೇ ಇನ್ಸುಲಿನ್ ಜಾಸ್ತಿ ಮಾಡಬೇಡಿ. ಡ್ರಿಪ್ ಹಾಕಬೇಕು, ಬೇಗ ಕೆಲಸ ಮಾಡುವ ಇನ್ಸುಲಿನ್ನನ್ನು ಸ್ವಲ್ಪ ಸ್ವಲ್ಪ ಕೊಡಬೇಕು, ಪೊಟ್ಯಾಸಿಯಂ ಕುಸಿಯದಂತೆ ಮತ್ತೆ ಮತ್ತೆ ರಕ್ತ ನೋಡುತ್ತಿರಬೇಕು. ಕೆಲವು ದಿನ ಅಡ್ಮಿಟ್ ಆಗಬೇಕು. ಖರ್ಚಿದೆ. ಆದರೆ ಹೊತ್ತಿಗೆ ಸರಿಯಾಗಿ ಹೋದರೆ ಹೆಚ್ಚಿನ ನಾಯಿಗಳು ಬದುಕಿ ಮನೆಗೆ ಬರುತ್ತವೆ. ಕಾಳ ಬಂದ.

ಹಿತ್ತಲ_ಮದ್ದು

ಇಷ್ಟೆಲ್ಲ ಯಾಕೆ ಮೇಡಂ? ಹಾಗಲಕಾಯಿ ರಸ, ಮೆಂತ್ಯ ನೆನೆಸಿದ ನೀರು ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಟ್ಟರೆ ಸಾಕು. ನಮ್ಮ ತಂದೆಗೆ ಅದರಲ್ಲೇ ಶುಗರ್ ಕಂಟ್ರೋಲ್ ಇದೆ. ಅವರ ಶುಗರ್ ಮಾತ್ರೆಯನ್ನೇ ಕಾಲು ಭಾಗ ಮಾಡಿ ನಾಯಿಗೂ ಹಾಕಬಹುದು.

ರಿಟೈರ್ಡ್_ಸಿಸ್ಟರ್ (ಮೈಸೂರು)

ಬೇಡ ಸ್ವಾಮಿ. ನಿಮ್ಮ ತಂದೆಯವರ ಮೈಯಲ್ಲಿ ಇನ್ಸುಲಿನ್ ಇನ್ನೂ ತಯಾರಾಗುತ್ತಿದೆ. ಮಾತ್ರೆ ಅದಕ್ಕೆ ಒತ್ತಾಸೆ ಕೊಡುತ್ತದೆ. ನಾಯಿಗಳಿಗೆ ಬರುವ ಶುಗರಿನಲ್ಲಿ ಸಾಮಾನ್ಯವಾಗಿ ಇನ್ಸುಲಿನ್ನೇ ಇರುವುದಿಲ್ಲ. ಹೊರಗಿನಿಂದ ಕೊಡಲೇಬೇಕು. ಮಾತ್ರೆ ನಂಬಿ ಇಂಜೆಕ್ಷನ್ ನಿಲ್ಲಿಸಿದರೆ ಮೇಲೆ ಬರೆದ ಕೀಟೋನ್ ಕಥೆಯೇ ಆಗುವುದು. ಅಂದಹಾಗೆ, ಈ ಇನ್ಸುಲಿನ್ ಸಿಕ್ಕಿದ್ದೇ ನಾಯಿಗಳಿಂದ. 1889ರಲ್ಲಿ ಜರ್ಮನಿಯವರು ನಾಯಿಯ ಮೇದೋಜೀರಕ ಗ್ರಂಥಿ ತೆಗೆದು ನೋಡಿದಾಗ ಅದಕ್ಕೆ ಶುಗರ್ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಅಂಥ ನಾಯಿಗಳಿಗೇ ಮೊದಲು ಗ್ರಂಥಿಯ ಸಾರ ಕೊಟ್ಟು ನೋಡಿದ್ದು. ನರ್ಸಿಂಗ್ ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇದು. ಅವುಗಳಿಂದ ಸಿಕ್ಕ ಔಷಧಿಯನ್ನು ಅವುಗಳಿಗೇ ಕೊಡದೆ ಹಾಗಲಕಾಯಿ ಯಾಕೆ ಹೇಳಿ?

ಮೆಡಿಕಲ್_ಅಂಗಡಿ (ದಾವಣಗೆರೆ)

ಅಕ್ಕ, ನಾನು ಮೆಡಿಕಲ್ ಸ್ಟೋರ್ ಇಟ್ಟವನು. ನಿಮ್ಮ ಮನೆಯಲ್ಲಿ ಮಾವನವರೂ ಇನ್ಸುಲಿನ್ ತಗೋತಾರಾ? ಎರಡೂ ಬಾಟಲಿ ಒಂದೇ ಫ್ರಿಜ್ ಬಾಗಿಲಲ್ಲಿ ಇದ್ದರೆ ಇದನ್ನು ಗಮನವಿಟ್ಟು ಓದಿ.

ನಮ್ಮಲ್ಲಿ ಬಾಟಲಿಯಲ್ಲಿ ಬರುವ ಹ್ಯೂಮನ್ ಇನ್ಸುಲಿನ್ ಸಾಮಾನ್ಯವಾಗಿ 40 ಐಯು. ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿಗೆ ಹಾಕುವ ಕಾರ್ಟ್ರಿಜ್, ಗ್ಲಾರ್ಜಿನ್ ಅನ್ನುವ ಇನ್ಸುಲಿನ್ ಇವೆಲ್ಲ ಸಾಮಾನ್ಯವಾಗಿ 100 ಐಯು. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 5ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 12.5 ಯೂನಿಟ್. ಎರಡೂವರೆ ಪಟ್ಟು! 12 ಕೆಜಿ ನಾಯಿಗೆ ಅದು ತಡೆಯುವುದಿಲ್ಲ. ಉಲ್ಟಾ ಆದರೆ, 40ರದ್ದನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ, 5 ಅಂದುಕೊಂಡು ಕೊಡುವುದು ಬರೀ 2.

ಇನ್ನೊಂದು, 30/70 ಅಂತ ಬರುವ ಬಾಟಲಿ. ಅದೂ 40 ಐಯು, ಅದೂ ಬಿಳಿ ಬಣ್ಣ. ನೋಡಲು ನಿಮ್ಮ ಬೆಳ್ಳಿಯದರ ಥರವೇ ಇರಬಹುದು. ಆದರೆ ಅದರಲ್ಲಿ 30 ಭಾಗ ಬೇಗ ಕೆಲಸ ಮಾಡುವ ಇನ್ಸುಲಿನ್ ಇರುತ್ತದೆ. ಬೆಳ್ಳಿ ಬಾಟಲಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ ಬೇರೆ ಡಬ್ಬಿಯಲ್ಲಿ ಇಡಿ. ಕಣ್ಣು ಮಂಜಾದವರಿಗೂ ಕೈಗೆ ಗೊತ್ತಾಗುತ್ತದೆ. ಚೀಟಿ ತಂದು "ನಾಯಿಗೆ ಶುಗರ್ ಇಂಜೆಕ್ಷನ್ ಕೊಡಿ" ಅಂತ ಮಾತ್ರ ಕೇಳಬೇಡಿ. ಹೆಸರು, ಐಯು ಎರಡನ್ನೂ ಓದಿ ಹೇಳಿ, ಅಂಗಡಿಯವರು ಕೊಟ್ಟ ಮೇಲೆ ಇನ್ನೊಂದು ಸಲ ಓದಿ. ನಮ್ಮಂಥವರಿಗೂ ಸಂಜೆ ರಷ್ಷಿನಲ್ಲಿ ಅದು ಒಳ್ಳೆಯದೇ.

ಬಾಟಲಿ ಫ್ರೀಜರಿಗೆ ತಾಗಿ ಗಟ್ಟಿಯಾಗಿದ್ದರೆ ಕರಗಿಸಿ ಕೊಡಬೇಡಿ, ಎಸೆಯಿರಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ ಅಂತ ಗೊತ್ತು. ಆಗ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಇಡಿ, ಆದರೆ ಬಾಟಲಿಗೆ ಬಟ್ಟೆ ಸುತ್ತಿ, ಐಸ್ ನೇರ ತಾಗಬಾರದು. ಕೀಟೋನ್ ನೋಡುವ ಉಚ್ಚೆ ಪಟ್ಟಿ ಮೆಡಿಕಲ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಮಲೆನಾಡಿನ ತೇವಕ್ಕೆ ಬೇಗ ಹಾಳಾಗುತ್ತದೆ, ಮುಚ್ಚಳ ಬಿಗಿಯಾಗಿರಲಿ.

ಪಶುವೈದ್ಯ_ಹಾಸನ

ಈ ಎಳೆಯನ್ನು ಈಗ ನೋಡಿದೆ. ಸಿಸ್ಟರ್ ಹೇಳಿದ್ದರಲ್ಲಿ ತಿದ್ದುವಂಥದ್ದು ಏನಿಲ್ಲ. ಬೆಳ್ಳಿಯನ್ನು ಕಣ್ಣಾರೆ ನೋಡದೆ ಹೀಗೇ ಅಂತ ಹೇಳಲಾರೆ. ಆದರೆ ಅವಳ ಕಥೆಯಲ್ಲಿ ಎರಡು ವಿಷಯ ಎದ್ದು ಕಾಣುತ್ತಿವೆ: ಆಪರೇಷನ್ ಆಗಿಲ್ಲ, ದೀಪಾವಳಿಗೆ ಹೀಟ್ ಆಗಿದೆ.

ಹೀಟ್ ಆದಮೇಲೆ ಸುಮಾರು ಎರಡು ತಿಂಗಳು ಹೆಣ್ಣುನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಜಾಸ್ತಿ ಇರುತ್ತದೆ. ಗರ್ಭ ನಿಂತರೂ ಇರುತ್ತದೆ, ನಿಲ್ಲದಿದ್ದರೂ ಇರುತ್ತದೆ. ನಾಯಿಗಳಲ್ಲಿ ಅದರಿಂದ ಮೊಲೆಯ ಗ್ರಂಥಿಗಳಲ್ಲಿ ಗ್ರೋತ್ ಹಾರ್ಮೋನ್ ತಯಾರಾಗುತ್ತದೆ. ಆ ಹಾರ್ಮೋನ್ ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತದೆ. ಬೆಳ್ಳಿಗೆ ಶುಗರ್ ಕಾಣಿಸಿಕೊಂಡದ್ದು ಇದೇ ಅವಧಿಯಲ್ಲಿ. ಆಗ 5 ಯೂನಿಟ್ ಬೇಕಿತ್ತು. ಈಗ ಸಂಕ್ರಾಂತಿ ಬಂತು. ಪ್ರೊಜೆಸ್ಟರಾನ್ ತಾನಾಗಿ ಇಳಿಯುವ ಕಾಲ. ಅಡ್ಡಿ ಹೋದಮೇಲೆ ಅದೇ 5 ಯೂನಿಟ್ ಜಾಸ್ತಿಯಾಗಬಹುದು. ನಿನ್ನೆಯ ತೂರಾಟಕ್ಕೆ ಅರ್ಧ ಊಟ ಒಂದೇ ಕಾರಣ ಅಂತ ನನಗೆ ಅನಿಸುತ್ತಿಲ್ಲ. ಡಾಕ್ಟರಿಗೆ ಹೀಟಿನ ತಾರೀಕು ತಪ್ಪದೆ ಹೇಳಿ.

ಎರಡನೆಯದು ಇನ್ನೂ ಮುಖ್ಯ. ಹೀಟ್ ಆಗಿ ಒಂದೆರಡು ತಿಂಗಳಿಗೆ ಊಟ ಬಿಟ್ಟು ವಾಂತಿ ಮಾಡುವ, ವಯಸ್ಸಾದ ಹೆಣ್ಣುನಾಯಿ ಬಂದರೆ ನಾವು ಮೊದಲು ಯೋಚಿಸುವುದು ಗರ್ಭಕೋಶದಲ್ಲಿ ಕೀವು ತುಂಬಿದೆಯಾ ಅಂತ. ಇದಕ್ಕೂ ನಾಯಿ ನೀರು ಜಾಸ್ತಿ ಕುಡಿಯುತ್ತದೆ. ಹಾಗಾಗಿ ಶುಗರಿನ ಲೆಕ್ಕಕ್ಕೆ ಸೇರಿಸಿ ಮರೆತುಬಿಡುತ್ತೇವೆ. ಕೆಲವಕ್ಕೆ ಕೆಳಗಿನಿಂದ ಕೀವು ಸೋರುತ್ತದೆ, ಬಾಲದ ಕೆಳಗೆ ನೆಕ್ಕುತ್ತಲೇ ಇರುತ್ತವೆ. ಗರ್ಭದ ಬಾಯಿ ಮುಚ್ಚಿದ್ದರೆ ಏನೂ ಸೋರುವುದಿಲ್ಲ, ಅದೇ ಹೆಚ್ಚು ಅಪಾಯ. ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂತ ಕೇಳಿ. ಶುಗರ್ ಇರುವ ನಾಯಿಯಲ್ಲಿ ಕೀಟೋನ್ ಏರಲು ಈ ಕೀವೇ ಸಾಕು.

ಮಷೀನ್ ಬಗ್ಗೆ ಒಂದು ಮಾತು. ಮನುಷ್ಯರ ಗ್ಲೂಕೋಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮನೆಯಲ್ಲಿ ಏರಿಳಿತ ನೋಡಲು ಅಷ್ಟು ಸಾಕು. ಆದರೆ ಕಡಿಮೆ ಬಂದಾಗ "ಮಷೀನ್ ಹಾಗೇ ತೋರಿಸುತ್ತದೆ" ಅಂತ ತಳ್ಳಿಹಾಕಬೇಡಿ. ನಾಯಿ ತೂರಾಡುತ್ತಿದ್ದರೆ ಮಷೀನ್ ಹುಡುಕುತ್ತಾ ಹೊತ್ತು ಕಳೆಯುವುದೂ ಬೇಡ, ಮೊದಲು ಸಿಹಿ. ಇಳಿದಿರದೆ ಇದ್ದರೂ ಒಂದು ಚಮಚ ಜೇನಿನಿಂದ ಹಾನಿಯಿಲ್ಲ. ಮೇಲೆ ಹೇಳಿದ ಉಚ್ಚೆ ಪಟ್ಟಿಗೆ, ನಾಯಿ ಕುಳಿತಾಗ ಹಳೇ ಸೌಟು ಒಡ್ಡಿದರೆ ಉಚ್ಚೆ ಸಿಗುತ್ತದೆ. ಪಟ್ಟಿಯಲ್ಲಿ ಕೀಟೋನ್ ಬಣ್ಣ ಗಾಢವಾಗಿದ್ದು ನಾಯಿ ಸಪ್ಪಗಿದ್ದರೆ ಹೊತ್ತು ನೋಡಬೇಡಿ.

ಬೆಳ್ಳಿ_ಮನೆ (ತೀರ್ಥಹಳ್ಳಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರವೇ ಹೊರಟೆವು. ಪಕ್ಕದ ಮನೆಯವರು ಓಮ್ನಿ ತೆಗೆದರು. ಸಿಸ್ಟರ್ ಬರೆದದ್ದನ್ನು ನಾನು ಮಂಡಗದ್ದೆ ದಾಟುವವರೆಗೂ ಓದುತ್ತಲೇ ಇದ್ದೆ. ಸಿಗ್ನಲ್ ಹೋಗುತ್ತಿತ್ತು, ಬರುತ್ತಿತ್ತು.

ಅಲ್ಲಿ ನೋಡಿದಾಗ ಶುಗರ್ 310. ಕೀಟೋನ್ ಸ್ವಲ್ಪ ಇತ್ತು. ನಾನು ಹೀಟಿನ ತಾರೀಕು ಹೇಳಿ ಸ್ಕ್ಯಾನ್ ಕೇಳಿದೆ. ಗರ್ಭಕೋಶ ಊದಿದೆ, ಒಳಗೆ ದ್ರವ ತುಂಬಿದೆ ಅಂದರು. ಹೊರಗೆ ಒಂದು ತೊಟ್ಟೂ ಸೋರಿರಲಿಲ್ಲ. ಡ್ರಿಪ್ ಹಾಕಿ, ಶುಗರ್ ಹಿಡಿತಕ್ಕೆ ತಂದು, ಗರ್ಭಕೋಶ ತೆಗೆದಿದ್ದಾರೆ. ಇವತ್ತು ಮಧ್ಯಾಹ್ನ ಸ್ವಲ್ಪ ಅನ್ನ, ಬೇಯಿಸಿದ ಕೋಳಿ ತಿಂದಳು. ಇನ್ಸುಲಿನ್ 3 ಯೂನಿಟ್‌ಗೆ ಇಳಿಸಿದ್ದಾರೆ.

ದಾವಣಗೆರೆ ಅಣ್ಣ, ಮಾವನದು 30/70 ಬಾಟಲಿಯೇ. ಎರಡೂ ಮೊಟ್ಟೆ ಇಡುವ ಜಾಗದ ಕೆಳಗೆ ಅಕ್ಕಪಕ್ಕ ಇದ್ದವು. ಬೆಳ್ಳಿಯದು ಈಗ ಹಾರ್ಲಿಕ್ಸ್ ಡಬ್ಬಿಗೆ ಹೋಗಿದೆ.

ಇನ್ನೂ ಎರಡು ಪ್ರಶ್ನೆ. ಆಪರೇಷನ್ ಆಯಿತಲ್ಲ, ಇನ್ನು ಶುಗರ್ ಪೂರ್ತಿ ಹೋಗುತ್ತದಾ? ನಾನು ಶಾಲೆಗೆ ಹೋದಾಗ ಅತ್ತೆ ಒಬ್ಬರೇ ಇರುತ್ತಾರೆ. ಅವರಿಗೆ ಮಷೀನ್ ಬರುವುದಿಲ್ಲ. ಏನು ಹೇಳಿಕೊಡಲಿ?

ಪಶುವೈದ್ಯ_ಹಾಸನ

ಕೆಲವು ನಾಯಿಗಳಿಗೆ ಹೋಗುತ್ತದೆ. ಹೀಟಿನ ಹಾರ್ಮೋನಿನಿಂದಲೇ ಬಂದ ಶುಗರ್ ಆಗಿದ್ದು, ಬೇಗ ಆಪರೇಷನ್ ಆದರೆ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಂತಕ್ಕೂ ಬರಬಹುದು. ಮೇದೋಜೀರಕ ಗ್ರಂಥಿ ಆಗಲೇ ಸುಸ್ತಾಗಿದ್ದರೆ ಜೀವನಪೂರ್ತಿ ಬೇಕಾಗುತ್ತದೆ. ಅದು ತಿಳಿಯಲು ಸ್ವಲ್ಪ ವಾರ ಹೋಗಬೇಕು. ಅಲ್ಲಿಯವರೆಗೆ ನಿಮ್ಮ ಕಣ್ಣು ಇರಬೇಕಾದದ್ದು ಶುಗರ್ ಇಳಿಯುವುದರ ಮೇಲೆ. ಅವಶ್ಯಕತೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗಬಹುದು, 3 ಕೂಡ ಜಾಸ್ತಿಯಾಗಬಹುದು. ಇಂಜೆಕ್ಷನ್ನಿಗೆ ಮುಂಚೆ ಒಂದು ಸಲ, ಕೊಟ್ಟು ಆರು ಗಂಟೆ ಹೊತ್ತಿಗೆ ಇನ್ನೊಂದು ಸಲ ನೋಡಿ, ಬರೆದಿಟ್ಟು ನಿಮ್ಮ ಡಾಕ್ಟರಿಗೆ ಕಳಿಸಿ. ಇಂಜೆಕ್ಷನ್ನಿಗೆ ಮುಂಚೆಯೇ ಕಡಿಮೆ ಬಂದರೆ, ಅಥವಾ ಊಟ ಮಾಡದಿದ್ದರೆ, ಸೂಜಿ ಚುಚ್ಚುವ ಮೊದಲು ಫೋನ್.

ರಿಟೈರ್ಡ್_ಸಿಸ್ಟರ್ (ಮೈಸೂರು)

ಬೆಳ್ಳಿ ಉಂಡಳಲ್ಲ, ಇವತ್ತು ನನಗೂ ಊಟ ಸೇರುತ್ತದೆ.

ನಿಮ್ಮ ಅತ್ತೆಗೆ ಹೊಸದಾಗಿ ಕಲಿಸುವುದೇನಿದೆ? ಇರುವೆ ನೋಡಿ ಕಾಯಿಲೆ ಹಿಡಿದವರು ಅವರು. ಬಿಸ್ಕೆಟ್ ಕೊಟ್ಟು ಎಬ್ಬಿಸಿದವರೂ ಅವರೇ. ಅವರಿಗೆ ಮಷೀನ್ ಬೇಡ. ಜೇನಿನ ಬಾಟಲಿ ಮೇಲಿನ ಶೆಲ್ಫಿನಲ್ಲಿ ಬೇಡ, ಕೈಗೆಟಕುವಲ್ಲಿ ಇರಲಿ. ಒಸಡಿಗೆ ಹೇಗೆ ಸವರುವುದು ಅಂತ ಬೆಳ್ಳಿ ಚೆನ್ನಾಗಿದ್ದಾಗಲೇ ಒಂದು ಸಲ ಮಾಡಿ ತೋರಿಸಿ. ಮೊದಲು ಸವರಿ, ಆಮೇಲೆ ನಿಮಗೆ ಫೋನ್ ಮಾಡಲಿ. ಫೋನ್ ಮೊದಲು ಅಂದರೆ ನೀವು ಕ್ಲಾಸಿನಲ್ಲಿ ಇರ್ತೀರಿ, ಅಲ್ಲಿಗೆ ಹೊತ್ತು ಹೋಯಿತು. ಓಮ್ನಿಯವರ ನಂಬರ್, ಡಾಕ್ಟರ ನಂಬರ್ ದಪ್ಪ ಅಕ್ಷರದಲ್ಲಿ ಫ್ರಿಜ್ಜಿಗೆ ಅಂಟಿಸಿ. ಹಗಲು ಅವರು ಇನ್ಸುಲಿನ್ ಮುಟ್ಟುವುದೇ ಬೇಡ. ಎರಡೂ ಹೊತ್ತು ನೀವೇ ಕೊಡಿ.

ಹಿತ್ತಲ_ಮದ್ದು

ಸಿಸ್ಟರ್, ಬೇಜಾರಿಲ್ಲ, ಒಂದು ಕೇಳ್ತೀನಿ. ನಮ್ಮ ಅಣ್ಣನ ಮನೆಯ ಲ್ಯಾಬ್‌ಗೂ ಶುಗರ್ ಇದೆ. ಇಂಜೆಕ್ಷನ್ ಕೊಡ್ತಿದ್ದಾರೆ. ಕಣ್ಣು ಎರಡೂ ಬೆಳ್ಳಗಾಗಿದೆ. ಮೊನ್ನೆಯಿಂದ ಒಂದು ಕಣ್ಣು ಕೆಂಪಾಗಿ, ಅರ್ಧ ಮುಚ್ಚಿಕೊಂಡೇ ಇರುತ್ತದೆ. ಮುಟ್ಟಲು ಬಿಡಲ್ಲ. ಊಟ ಮಾಡ್ತಿದೆ. ಇದು ಕಾಯಬಹುದಾ?

ಪಶುವೈದ್ಯ_ಹಾಸನ

ಕಾಯಬೇಡಿ. ಶುಗರ್ ಬಂದ ಹೆಚ್ಚಿನ ನಾಯಿಗಳಿಗೆ ಪೊರೆ ಬರುತ್ತದೆ, ಎಷ್ಟೋ ಸಲ ಕೆಲವೇ ವಾರಗಳಲ್ಲಿ. ಬರೀ ಬೆಳ್ಳಗಾದರೆ ಅದು ತುರ್ತಲ್ಲ. ಕೆಂಪು, ನೋವು, ಮುಚ್ಚಿಕೊಳ್ಳುವುದು ಬಂದರೆ ತುರ್ತು. ಪೊರೆ ಬೇಗ ಊದಿದಾಗ ಒಳಗಿನದು ಸೋರಿ ಕಣ್ಣಿನೊಳಗೆ ಉರಿಯೂತವಾಗುತ್ತದೆ, ಒಳಗಿನ ಒತ್ತಡ ಏರಿ ಕಣ್ಣೇ ಹೋಗಬಹುದು. ಮನೆಯಲ್ಲಿರುವ ಯಾರದೋ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಿನ ಮೇಲೆ ಗಾಯವೂ ಇದ್ದರೆ ಇನ್ನೂ ಕೆಡುತ್ತದೆ, ಶುಗರೂ ಏರಬಹುದು. ಇವತ್ತೇ ಕರೆದುಕೊಂಡು ಹೋಗಲು ಹೇಳಿ. ಯಾವ ಊರು ಅಂತ ಬರೆಯಿರಿ, ಹತ್ತಿರ ಕಣ್ಣಿನ ಒತ್ತಡ ನೋಡುವ ಸೌಲಭ್ಯ ಎಲ್ಲಿದೆ ಅಂತ ವಿಚಾರಿಸಿ ಹೇಳ್ತೀನಿ.